ಒಂದು ಮಿಲಿಮೀಟರ್ ಏರಿದ ಸಿಂಫನಿ

ನನ್ನ ಹೆಂಡತಿಗೆ ನನ್ನ ಸಂಗೀತ ಸೇರುವುದಿಲ್ಲ ಎಂಬುದು ನಮ್ಮ ಮನೆಯಲ್ಲಿ ಇಪ್ಪತ್ತೆಂಟು ವರ್ಷದ ಹಿಂದೆಯೇ ಇತ್ಯರ್ಥವಾಗಿ ಹೋದ ಸಂಗತಿಯಾಗಿತ್ತು. ಇದಕ್ಕಾಗಿ ಜಗಳವೇನೂ ಇರಲಿಲ್ಲ. ಅವಳಿಗೆ ಹಾಗಲಕಾಯಿ ಸೇರುತ್ತದೆ, ನನಗೆ ಸೇರುವುದಿಲ್ಲ. ನನಗೆ ಫ್ರೆಂಚರ ಸಿಂಫನಿ ಸೇರುತ್ತದೆ, ಅವಳಿಗೆ ಸೇರುವುದಿಲ್ಲ. ಅಷ್ಟೇ ಎಂದುಕೊಂಡಿದ್ದೆ. ಆದರೆ ಹಾಗಲಕಾಯಿಯ ವಿಷಯದಲ್ಲಿ ನನಗೆ ಬೇಸರವಿರಲಿಲ್ಲ, ಸಂಗೀತದ ವಿಷಯದಲ್ಲಿ ಇತ್ತು. ಮನೆಯಲ್ಲಿ ಸ್ವರಜ್ಞಾನ ಇದ್ದವಳು ಅವಳೊಬ್ಬಳೇ. ಅವಳು ಒಂದು ಸಲವಾದರೂ ಪಕ್ಕದಲ್ಲಿ ಕೂತು ಒಂದು ರೆಕಾರ್ಡು ಪೂರ್ತಿ ಕೇಳಬೇಕು ಎಂಬ ಆಸೆ ನನಗೆ ಮೊದಲಿನಿಂದ ಇತ್ತು. ಬಾಯಿಬಿಟ್ಟು ಹೇಳಲಿಲ್ಲ. ಕರೆದು ಕೂರಿಸಿದರೆ ಅದು ಬಲವಂತದ ಊಟ ಎಂಬ ಬಿಗುಮಾನ.

ಅವಳು ಧಾರವಾಡದವಳು, ಮದುವೆಗೆ ಮೊದಲು ಹನ್ನೊಂದು ವರ್ಷ ಗುರುಗಳ ಮುಂದೆ ಕೂತು ಹಾಡಲು ಕಲಿತವಳು. ಮರಾಠಿ ಸೀಮೆಯ ನಿಗಡಿಯಲ್ಲಿರುವ ನಮ್ಮ ಮನೆಯ ಹಾಲಿನಲ್ಲಿ ಅವಳ ಪೇಟಿ ಇದೆ. ಹಾರ್ಮೋನಿಯಮ್ಮಿಗೆ ನಮ್ಮ ಕಡೆ ಪೇಟಿ ಎನ್ನುತ್ತಾರೆ. ಸಂಜೆ ಐದಕ್ಕೆ ನಮ್ಮ ಹೌಸಿಂಗ್ ಸೊಸೈಟಿಯ ಮಕ್ಕಳು ಬಂದು ಅದರ ಸುತ್ತ ಕೂತು ಅಭಂಗ ಕಲಿಯುತ್ತಾರೆ. ನಾನು ಬೆಳಗಾವಿಯವನು. ಕಾರ್ಖಾನೆಯೊಂದರ ತಪಾಸಣೆ ವಿಭಾಗದಲ್ಲಿ ಮೂವತ್ತಮೂರು ವರ್ಷ ದುಡಿದು ನಿವೃತ್ತನಾದೆ. ಲೇತಿನಿಂದ ಬಂದ ಭಾಗವನ್ನು ಮೈಕ್ರೋಮೀಟರಿನಲ್ಲಿ ಹಿಡಿದು, ಡ್ರಾಯಿಂಗಿನಲ್ಲಿ ಬರೆದ ಅಳತೆಗೆ ತಾಳೆ ಹಾಕಿ, ಕೂದಲೆಳೆಯಷ್ಟು ಹೆಚ್ಚುಕಡಿಮೆ ಇದ್ದರೂ ಕೆಂಪು ಬಣ್ಣ ಬಳಿದು ಪಕ್ಕಕ್ಕಿಡುವುದು ನನ್ನ ಕೆಲಸ. ಲೇತ್ ನಡೆಸುವವರು ನನ್ನನ್ನು ಬೆನ್ನ ಹಿಂದೆ ಏನು ಕರೆಯುತ್ತಿದ್ದರೆಂದು ನನಗೆ ಗೊತ್ತಿತ್ತು. ಅದರ ಬಗ್ಗೆ ನನಗೆ ಒಳಗೊಳಗೆ ಹೆಮ್ಮೆಯೇ ಇತ್ತು.

ಈ ಸಂಗೀತ ನನಗೆ ತಗುಲಿದ್ದೂ ಕಾರ್ಖಾನೆಯಿಂದಲೇ. ಹೊಸ ಯಂತ್ರ ಕೂರಿಸಲು ಬಂದಿದ್ದ ಫ್ರೆಂಚ್ ಎಂಜಿನಿಯರ್ ಒಬ್ಬ ಎರಡು ವರ್ಷ ಇಲ್ಲಿದ್ದ. ಊರಿಗೆ ಹೊರಟಾಗ, ಇಷ್ಟು ಭಾರ ವಿಮಾನದಲ್ಲಿ ಒಯ್ಯಲಾರೆ ಎಂದು ಒಂದು ರಟ್ಟಿನ ಪೆಟ್ಟಿಗೆ ರೆಕಾರ್ಡುಗಳನ್ನು ನನ್ನ ಮೇಜಿನ ಮೇಲಿಟ್ಟು ಹೋದ. ನಲವತ್ತಮೂರು ಇದ್ದವು. ಎಲ್ಲವೂ ಫ್ರೆಂಚರ ಸಂಗೀತ, ಹೆಚ್ಚಿನವು ಪ್ಯಾರಿಸ್ಸಿನ ವಾದ್ಯವೃಂದಗಳು ಐವತ್ತು ಅರವತ್ತು ವರ್ಷದ ಹಿಂದೆ ನುಡಿಸಿ ಮುದ್ರಿಸಿದ್ದು. ಕೇಳಲು ಯಂತ್ರ ಬೇಕಲ್ಲ. ಜುನಾ ಬಜಾರಿನಲ್ಲಿ ಹಳೆ ಮಿಕ್ಸರುಗಳ ರಾಶಿಯ ನಡುವೆ ಒಂದು ಅಮೆರಿಕದ ಪ್ಲೇಯರ್ ಸಿಕ್ಕಿತು. ಮನೆಗೆ ತಂದು ಹಚ್ಚಿದರೆ ಇಡೀ ವಾದ್ಯವೃಂದ ಹೊಟ್ಟೆತುಂಬ ಉಂಡು ಮಲಗಿದವರ ಹಾಗೆ ನರಳಿತು. ಕಾರಣ ಗೊತ್ತಾಗಲು ಹೊತ್ತು ಹಿಡಿಯಲಿಲ್ಲ. ಅಲ್ಲಿನ ಕರೆಂಟು ಸೆಕೆಂಡಿಗೆ ಅರವತ್ತು ಸಲ ಮಿಡಿಯುತ್ತದೆ, ನಮ್ಮದು ಐವತ್ತು. ಹಾಗಾಗಿ ಅಲ್ಲಿನ ಮೋಟಾರು ಇಲ್ಲಿ ನಿಧಾನ ತಿರುಗುತ್ತದೆ. ಮೋಟಾರಿನ ತುದಿಯಲ್ಲಿ ಬೆಲ್ಟ್ ಸುತ್ತುವ ಪುಲ್ಲಿಯನ್ನು ಅದೇ ಲೆಕ್ಕದಲ್ಲಿ ದಪ್ಪ ಮಾಡಿದರೆ ವೇಗ ಸರಿಹೋಗುತ್ತದೆ.

ಆ ಪುಲ್ಲಿಯನ್ನು ನಾನೇ ಮಾಡಿದೆ. ಲೆಕ್ಕ ನನ್ನದು, ಡ್ರಾಯಿಂಗ್ ನನ್ನದು. ಊಟದ ಬಿಡುವಿನಲ್ಲಿ ಲೇತಿನ ಮೇಲೆ ಹಿತ್ತಾಳೆಯ ತುಂಡು ಕಟ್ಟಿ ಕಡೆದವನೂ ನಾನೇ. ಮೈಕ್ರೋಮೀಟರಿನಲ್ಲಿ ಐದು ಕಡೆ ಅಳೆದೆ. ಡ್ರಾಯಿಂಗಿಗೆ ಕರಾರುವಾಕ್ಕಾಗಿ ಕೂಡಿತ್ತು. ಮನೆಗೆ ಬಂದು ಕೂರಿಸಿ, ಪೆಟ್ಟಿಗೆಯ ಮೇಲಿದ್ದ ಡಿ ಮೈನರ್ ಸಿಂಫನಿಯ ರೆಕಾರ್ಡು ಹಚ್ಚಿದೆ. ಮಲಗಿದವರೆಲ್ಲ ಎದ್ದು ಕೂತರು. ಆ ಚುರುಕು, ಆ ಬೆಳಕು, ಗಾಳಿವಾದ್ಯಗಳ ಆ ಹರಿತ ನನ್ನನ್ನು ಹಿಡಿದುಬಿಟ್ಟವು. ಎರಡನೆಯ ಭಾಗದಲ್ಲಿ ತಂತಿವಾದ್ಯದವರು ಬಿಲ್ಲು ಕೆಳಗಿಟ್ಟು ಬೆರಳಲ್ಲಿ ಮೀಟುತ್ತಾರೆ, ಹಾರ್ಪ್ ಜೊತೆಗೂಡುತ್ತದೆ, ಅದರ ಮೇಲೆ ಶಹನಾಯಿಯ ದೊಡ್ಡಕ್ಕನಂಥ ಒಂದು ವಾದ್ಯ ಒಂಟಿಯಾಗಿ ಹಾಡುತ್ತದೆ. ಅಷ್ಟು ಸುಖ ಅದುವರೆಗೆ ಯಾವ ಸದ್ದಿನಿಂದಲೂ ನನಗೆ ಸಿಕ್ಕಿರಲಿಲ್ಲ.

ಆಗ ಹಾಲಿನಿಂದ ಹೆಂಡತಿ, “ಸ್ವಲ್ಪ ಇಳಸ್ರಿ, ಭಾಳ ಏರೇದ” ಎಂದಳು.

ನಾನು ಸದ್ದು ಇಳಿಸಿದೆ. ಮುಂದಿನ ವಾರವೂ ಅದೇ ಮಾತು ಬಂತು, ಇನ್ನಷ್ಟು ಇಳಿಸಿದೆ. ಮೂರನೆಯ ಸಲ, ಇಳಿಸೀನಲ್ಲ, ಇನ್ನೇನು ಬಂದ್ ಮಾಡ್ಲೇನು ಎಂದು ಗೊಣಗಿದೆ. ಅವಳು ಬಾಗಿಲ ಬಳಿ ಬಂದು ನಿಂತು ನನ್ನ ಮುಖ ನೋಡಿ ಹೋದಳು. ಮತ್ತೆಂದೂ ಹೇಳಲಿಲ್ಲ. ನನಗೆ ಹೇಳಿಸಿಕೊಂಡಷ್ಟು ಸಾಕಾಗಿತ್ತು. ಹೆಡ್‌ಫೋನ್ ತಂದೆ, ಕೋಣೆಯ ಬಾಗಿಲು ಹಾಕಿಕೊಂಡೆ. ನಿತ್ಯ ಸಂಜೆ ಐದರಿಂದ ಆರೂವರೆ, ಹೊರಗೆ ಅಭಂಗ, ಒಳಗೆ ಪ್ಯಾರಿಸ್. ಬಂದ ನೆಂಟರಿಗೆ ನಾನೇ ನಗುತ್ತ ಹೇಳುತ್ತಿದ್ದೆ, ನಮ್ಮ ಮನೆಯಲ್ಲಿ ಸಂಗೀತಕ್ಕೆ ಎರಡು ಒಲೆ ಎಂದು. ಅವಳೂ ನಗುತ್ತಿದ್ದಳು.

ನಿವೃತ್ತಿಯ ನಂತರ ಊರಿನ ಆ ತುದಿಯ ಧನಕವಡಿಯಲ್ಲಿ ತಿಂಗಳಿಗೊಂದು ರವಿವಾರ ಸೇರುವ ಆರೇಳು ಜನರ ಗುಂಪು ಪರಿಚಯವಾಯಿತು. ನಿವೃತ್ತ ಡಾಕ್ಟರರೊಬ್ಬರ ಮನೆಯಲ್ಲಿ ಬೆಳಿಗ್ಗೆ ಹತ್ತಕ್ಕೆ ಕೂತು ಪಾಶ್ಚಾತ್ಯ ಸಂಗೀತ ಕೇಳುವುದು, ಆಮೇಲೆ ಪೋಹೆ, ಅಂದರೆ ಒಗ್ಗರಣೆ ಅವಲಕ್ಕಿ, ತಿನ್ನುತ್ತ ವಾದ ಮಾಡುವುದು. ಅಲ್ಲಿ ನನಗೊಂದು ಸಿದ್ಧಾಂತವಿತ್ತು. ಹಳೆಯ ಫ್ರೆಂಚ್ ವಾದ್ಯವೃಂದಗಳಲ್ಲಿದ್ದ ಚುರುಕು ಈಗ ಪ್ರಪಂಚದಲ್ಲಿ ಎಲ್ಲೂ ಉಳಿದಿಲ್ಲ, ಈಗಿನವರು ಅದೇ ಸಿಂಫನಿಯನ್ನು ಶವಯಾತ್ರೆಯಂತೆ ನುಡಿಸುತ್ತಾರೆ ಎನ್ನುವುದು. ಪುರಾವೆ ನನ್ನ ಕಿವಿ. ನನ್ನಲ್ಲಿ ಹಳಬರೆಲ್ಲ ರೆಕಾರ್ಡಿನಲ್ಲಿದ್ದರು, ಹೊಸಬರೆಲ್ಲ ಸೀಡಿಯಲ್ಲಿದ್ದರು. ಹಳಬರು ಸದಾ ಓಡುತ್ತಿದ್ದರು, ಹೊಸಬರು ಸದಾ ತೆವಳುತ್ತಿದ್ದರು. ರೆಕಾರ್ಡಿನ ಮತ್ತು ಸೀಡಿಯ ಹಿಂದೆ ಬರೆದ ನಿಮಿಷಗಳು ಹೆಚ್ಚುಕಡಿಮೆ ಒಂದೇ ಎಂದು ತೋರಿಸಿ ಗುಂಪಿನವರು ತಕರಾರು ತೆಗೆದದ್ದುಂಟು. ನಾನು ಕೇಳಿಸಿಕೊಳ್ಳಲಿಲ್ಲ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು.

ಕಳೆದ ವರ್ಷ ಡಾಕ್ಟರರು ಹೊಸ ಪ್ಲೇಯರ್ ಕೊಂಡರು. ನಿಮ್ಮ ಆ ಹೆಸರಾಂತ ರೆಕಾರ್ಡನ್ನೇ ತನ್ನಿ, ಎಲ್ಲರೂ ಕೇಳಿಬಿಡೋಣ ಎಂದರು. ನಾನು ಅದನ್ನು ಹಳೆಯ ಧೋತರದಲ್ಲಿ ಸುತ್ತಿ, ಮೆಟ್ರೋದಲ್ಲಿ ಮಡಿಲ ಮೇಲಿಟ್ಟುಕೊಂಡು, ಸ್ವಾರಗೇಟಿನಲ್ಲಿಳಿದು ರಿಕ್ಷಾ ಹಿಡಿದು ಒಯ್ದೆ. ಹತ್ತು ನಿಮಿಷ ಪೀಠಿಕೆಯ ಭಾಷಣ ಮಾಡಿದೆ. ಮುಳ್ಳು ಇಳಿಯಿತು.

ನನ್ನ ವಾದ್ಯವೃಂದ ಅದಲ್ಲ. ತೆವಳುವವರ ಹಾಗೆಯೇ ತೆವಳಿತು. ಚುರುಕು ಇರಲಿಲ್ಲ, ಹರಿತ ಇರಲಿಲ್ಲ. ಸೌಜನ್ಯದ ಜನ, ತಲೆದೂಗುತ್ತ ಕೂತರು. ನಿಮ್ಮ ಯಂತ್ರ ನಿಧಾನ ತಿರುಗುತ್ತಿದೆ ಎಂದು ನಾನೇ ಹೇಳಿದೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಡಾಕ್ಟರರು ಮೊಬೈಲನ್ನು ತಿರುಗುವ ತಟ್ಟೆಯ ನಡುವೆ ಇಟ್ಟು, ನಿಮಿಷಕ್ಕೆ ಎಷ್ಟು ಸುತ್ತು ಎಂದು ಪರದೆಯ ಮೇಲೆ ಬಂದ ಅಂಕಿಯನ್ನು ನನಗೆ ತೋರಿಸಿದರು. ಮೂವತ್ತಮೂರು ಪಾಯಿಂಟ್ ಮೂರು. “ಸ್ಪೀಡ್ ಬರೋಬರ್ ಆಹೆ” ಎಂದರು, ವೇಗ ಸರಿಯಾಗಿಯೇ ಇದೆ ಎಂದು, ರೋಗಿಗೆ ಹೇಳುವ ದನಿಯಲ್ಲಿ. ಆ ದಿನ ನಾನು ಪೋಹೆ ತಿನ್ನಲು ನಿಲ್ಲಲಿಲ್ಲ.

ಮನೆಗೆ ಬಂದು ಮೊಬೈಲ್ ಮುಟ್ಟಲಿಲ್ಲ, ನನ್ನ ಪದ್ಧತಿಯೇ ನನಗೆ. ತಟ್ಟೆಯ ಅಂಚಿಗೆ ಕಾಗದದ ಚೂರು ಅಂಟಿಸಿ, ಗಡಿಯಾರ ಇಟ್ಟುಕೊಂಡು, ನಿಮಿಷಕ್ಕೆ ಎಷ್ಟು ಸುತ್ತು ಎಂದು ಎಣಿಸಿದೆ. ಮೂವತ್ತಮೂರು ಮತ್ತು ಮೂರನೇ ಒಂದು ಬರಬೇಕು. ಮೂವತ್ತೈದೂವರೆ ದಾಟಿತು. ಮೂರು ಸಲ ಎಣಿಸಿದೆ. ಹಳೆಯ ಫೈಲಿನಿಂದ ಡ್ರಾಯಿಂಗ್ ಹುಡುಕಿ ತೆಗೆದೆ. ಬೆಲ್ಟಿನ ದಪ್ಪ ಅರ್ಧ ಮಿಲಿಮೀಟರ್. ಅದನ್ನು ಕಳೆಯಬೇಕಾದ ಕಡೆ ಕೂಡಿಸಿದ್ದೆ. ಪುಲ್ಲಿ ಇರಬೇಕಾದ್ದಕ್ಕಿಂತ ಸರಿಯಾಗಿ ಒಂದು ಮಿಲಿಮೀಟರ್ ಹೆಚ್ಚು ದಪ್ಪವಾಗಿತ್ತು. ಮೂವತ್ತಮೂರು ವರ್ಷ ಬೇರೆಯವರ ಕೂದಲೆಳೆಗೆ ಕೆಂಪು ಬಳಿದವನು ನಾನು, ಒಂದು ಮಿಲಿಮೀಟರ್ ನನ್ನ ಕಣ್ಣಿಗೆ ಬೀಳಲಿಲ್ಲ. ಭಾಗವನ್ನು ಡ್ರಾಯಿಂಗಿಗೆ ತಾಳೆ ನೋಡುವುದಷ್ಟೇ ನಮಗೆ ಕಲಿಸಿದ್ದು. ಡ್ರಾಯಿಂಗನ್ನು ಯಾರೂ ತಾಳೆ ನೋಡುವುದಿಲ್ಲ.

ಹಾಲಿಗೆ ಹೋಗಿ ಹೆಂಡತಿಗೆ ಹೇಳಿದೆ. ಅವಳು ಪೇಟಿಯ ಧೂಳು ಒರೆಸುತ್ತಿದ್ದಳು. ನಗುತ್ತಾಳೆ ಎಂದುಕೊಂಡಿದ್ದೆ, ನಗಲಿಲ್ಲ. ಒರೆಸುವ ಬಟ್ಟೆ ಕೆಳಗಿಟ್ಟಳು.

“ಅದನ್ನ ನಾ ಅವತ್ತ ಹೇಳಿದ್ನಲ್ರೀ. ಇಳಸ್ರಿ, ಏರೇದ ಅಂತ.”

ನಾನು ಸದ್ದು ಇಳಿಸಿದ್ದೆನಲ್ಲ ಎಂದೆ.

“ಸದ್ದ ಯಾರು ಕೇಳಿದ್ರು? ಸುರ ಏರಿತ್ತು. ನನ್ನ ಪೇಟಿಗೆ ಕೂಡ್ತಿರಲಿಲ್ಲ. ಕರಿ ಎರಡರ ಮನಿ ದಾಟಿ, ಮುಂದಿನ ಬಿಳೀದಕ್ಕ ಮುಟ್ಟದ, ನಡುವ ನೇತಾಡ್ತಿತ್ತು. ಆ ಊದಾಂವ ಗಂಟಲ ಹಿಚಕಿಸಿಕೊಂಡಂಗ ಊದ್ತಿದ್ದ, ಪಾಪ.”

ತಟ್ಟೆ ಜೋರು ತಿರುಗಿದರೆ ವೇಗದ ಜೊತೆ ಸುರವೂ ಏರುತ್ತದೆ. ಮತ್ತೆ ಯಾಕೆ ಬಿಡಿಸಿ ಹೇಳಲಿಲ್ಲ ಎಂದು ಕೇಳಿದೆ. ಅವಳು ಹೇಳಿದ್ದು ಇಷ್ಟು. ಅವಳ ತವರಿನಲ್ಲಿ ಇಳಿಸಿ ಅಂದರೆ ಸುರ ಇಳಿಸಿ ಎಂದೇ ಅರ್ಥ, ತಂಬೂರಿಗೆ ಹೇಳುವ ಮಾತು ಅದು. ನಾನು ಪ್ರತಿ ಸಲವೂ ಗುಂಡಿ ತಿರುಗಿಸಿ ಸದ್ದು ಕಡಿಮೆ ಮಾಡಿದ್ದನ್ನು ನೋಡಿ, ಸುರದ ಗೊಡವೆ ನಿನಗೆ ಬೇಡ, ಇದು ನಿನ್ನ ಸಂಗೀತವಲ್ಲ ಎಂದು ನಾನು ಹೇಳುತ್ತಿದ್ದೇನೆ ಅಂದುಕೊಂಡಳು. ಇವರು ಇಂಗ್ಲಿಷ್ ಓದಿದವರು, ಆ ಪರದೇಶದವರ ಸಂಗೀತದಲ್ಲಿ ಸುರ ಹೀಗೇ ಇರುತ್ತದೋ ಏನೋ ಎಂದುಕೊಂಡಳು. ಅಷ್ಟರಲ್ಲಿ ನಾನು ಬಾಗಿಲು ಹಾಕಿಕೊಂಡೆ. ತಾನು ಬರುವುದು ನನಗೆ ಬೇಡ ಎಂದು ಅವಳಿಗೆ ಖಾತ್ರಿಯಾಯಿತು.

ಕೇಳುತ್ತ ಕೇಳುತ್ತ ನನಗೆ ನಾಚಿಕೆಯಾಯಿತು. ನನಗೆ ಬೇಕಾಗಿದ್ದದ್ದು ಅವಳ ಕಿವಿ. ಆ ಕಿವಿ ಮೊದಲ ದಿನವೇ, ಮೊದಲ ರೆಕಾರ್ಡಿನಲ್ಲೇ, ನನ್ನ ಲೆಕ್ಕದ ತಪ್ಪನ್ನು ಹಿಡಿದುಕೊಟ್ಟಿತ್ತು. ಅಷ್ಟು ಗಮನವಿಟ್ಟು ನನ್ನ ಸಂಗೀತ ಕೇಳಿದವರು ಇನ್ನೊಬ್ಬರಿಲ್ಲ.

ಪಕ್ಕದ ಆಕುರ್ಡಿಯಲ್ಲಿ ಹಳೆಯ ಸಹೋದ್ಯೋಗಿಯೊಬ್ಬನ ವರ್ಕ್‌ಶಾಪ್ ಇದೆ. ಅವನು ಹೊಸ ಪುಲ್ಲಿ ಕಡೆದುಕೊಟ್ಟ. ಈ ಸಲ ಲೆಕ್ಕವನ್ನೂ ಅವನೇ ಮಾಡಿದ, ನಾನು ಪಕ್ಕಕ್ಕೆ ನಿಂತೆ. ಕೂರಿಸಿ, ಕಾಗದದ ಚೂರು ಅಂಟಿಸಿ ಎಣಿಸಿ, ಹೆಡ್‌ಫೋನ್ ಕಿತ್ತು ಸ್ಪೀಕರಿಗೆ ತಂತಿ ಜೋಡಿಸಿದೆ. ಆಮೇಲೆ ಹಾಲಿಗೆ ಹೋಗಿ, ಬಂದು ಕೂತು ಕೇಳು ಎಂದು ಬಾಯಿಬಿಟ್ಟು ಕರೆದೆ. ಅವಳು ಕೈ ಒರೆಸಿಕೊಂಡು ಬಂದು ಕೂತಳು.

ಮೊದಲ ಭಾಗಕ್ಕೇ ಅವಳ ಬೆರಳುಗಳು ಮಂಡಿಯ ಮೇಲೆ ಆಡತೊಡಗಿದವು. ಪೇಟಿಯ ಎರಡನೆಯ ಬಿಳಿ ಮನೆಗೆ ಸರಿಯಾಗಿ ಕೂತಿದೆ ಎಂದಳು. ಎರಡನೆಯ ಭಾಗ ಬಂದಾಗ, ಊದುವವನು ಎಲ್ಲಿ ಉಸಿರು ತೆಗೆದುಕೊಳ್ಳುತ್ತಾನೆ ಎಂದು ಈಗ ಕೇಳಿಸುತ್ತದೆ, ಎಷ್ಟು ಚೆಂದ ತೆಗೆದುಕೊಳ್ಳುತ್ತಾನೆ ನೋಡಿ ಎಂದಳು. ನನಗೆ ಆ ಉಸಿರು ಇಷ್ಟು ವರ್ಷದಲ್ಲಿ ಒಮ್ಮೆಯೂ ಕೇಳಿಸಿರಲಿಲ್ಲ. ನಿಜ ಹೇಳಬೇಕೆಂದರೆ, ಸರಿಯಾದ ವೇಗದಲ್ಲಿ ಆ ಸಿಂಫನಿ ನನಗೆ ಸಪ್ಪೆಯೆನಿಸಿತು. ನಾನು ಪ್ರೀತಿಸಿದ್ದು ಫ್ರೆಂಚರ ಚುರುಕನ್ನಲ್ಲ, ನನ್ನದೇ ಪುಲ್ಲಿಯ ಒಂದು ಮಿಲಿಮೀಟರನ್ನು. ಅವಳು ಮಾತ್ರ ಕಣ್ಣು ಮುಚ್ಚಿಕೊಂಡು ಮುಳುಗಿಹೋಗಿದ್ದಳು.

ಆ ಬದಿ ಮುಗಿಯಿತು. ಅವಳು ಕಣ್ಣು ತೆರೆದಳು.

“ಒಂದ ಸಲನಾದ್ರೂ, ಏನ ಇಳಸ್ಲಿ ಅಂತ ಕೇಳಬಾರದಿತ್ತೇನ್ರೀ?”

ಕೇಳಬೇಕಿತ್ತು ಎಂದೆ. ಅವಳು ಆಗಲೇ ಉಳಿದ ಭಾಗ ಕೇಳುವ ಆತುರದಲ್ಲಿದ್ದಳು. ರೆಕಾರ್ಡು ತಿರುಗಿಸಿ ಹಾಕಲು ತಾನೇ ಎದ್ದು ಹೋಗಿ, ಪ್ಲೇಯರಿನ ಮುಂದೆ ನಿಂತು, ಅಲ್ಲಿ ಇಲ್ಲಿ ಕೈಯಾಡಿಸಿ, ನನ್ನ ಕಡೆ ತಿರುಗಿದಳು. ಇಪ್ಪತ್ತೆಂಟು ವರ್ಷದಿಂದ ತನ್ನದೇ ಮನೆಯಲ್ಲಿರುವ ಆ ಯಂತ್ರದ ಮುಚ್ಚಳವನ್ನು ಹೇಗೆ ತೆರೆಯಬೇಕೆಂದು ಅವಳಿಗೆ ಗೊತ್ತಿರಲಿಲ್ಲ.