ಬರುವ ವರ್ಷವೂ ದಯೆಯಿರಲಿ

ತುಮಕೂರಿನ ನಟರಾಜ ಜಪಾನಿನಲ್ಲಿ ಕೆಲಸಕ್ಕೆ ಸೇರಿದ್ದು ೨೦೧೩ರ ಏಪ್ರಿಲ್ ೮ರ ಸೋಮವಾರ. ಕಳೆದುಕೊಂಡದ್ದು ೨೦೨೪ರ ಸೆಪ್ಟೆಂಬರ್ ೩೦ರಂದು, ಅದೂ ಸೋಮವಾರವೇ. “ಬಂದಿದ್ದೂ ಶಿವನ ವಾರ, ಹೋಗಿದ್ದೂ ಶಿವನ ವಾರ, ಹೆಸರಿಗೆ ಸರಿಯಾಗಿದೆ,” ಎಂದು ಹೆಂಡತಿ ಉಷಾ ನಕ್ಕಿದ್ದಳು. ಆಗಿನ್ನೂ ಆ ಮನೆಯಲ್ಲಿ ನಗುವಿತ್ತು.

ಕಾರಿನ ಬಿಡಿಭಾಗಗಳನ್ನು ಬೆಸುಗೆಯ ವೇಳೆ ಅಲುಗದಂತೆ ಹಿಡಿದಿಡುವ ಜಿಗ್‌ಗಳ ವಿನ್ಯಾಸ ಅವನ ಕಸುಬು. ವಯಸ್ಸು ನಲವತ್ತೇಳು. ವಾಸದ ಪರವಾನಗಿ ೨೦೨೫ರ ಜನವರಿ ೩೧ಕ್ಕೆ ತೀರುವುದಿತ್ತು. ಅಷ್ಟರೊಳಗೆ ಯಾರಾದರೂ ಕೆಲಸ ಕೊಟ್ಟು ಕಾಗದ ಬರೆದುಕೊಡದಿದ್ದರೆ ಯೋಕೋಹಾಮಾದ ತ್ಸುರುಮಿಯ ಮನೆ ಖಾಲಿಮಾಡಿ ಊರಿಗೆ ಮರಳಬೇಕು. ಆರನೆಯ ತರಗತಿಯ ಮಗಳು ಅಮೂಲ್ಯಳಿಗೋ, ತನ್ನ ಹೆಸರನ್ನು ಕನ್ನಡದಲ್ಲಿ ಬರೆಯಲೂ ಬಾರದು.

ಅಕ್ಟೋಬರ್, ನವೆಂಬರ್ ಎರಡೂ ತಿಂಗಳು ಬರಿದೇ ಕಳೆದವು. ಕಡೆಗೆ ಡಿಸೆಂಬರ್ ೨೩ರಂದು ನಾಗೋಯಾದ ಕಾರ್ಖಾನೆಯೊಂದು ಒಂದು ವರ್ಷದ ಗುತ್ತಿಗೆಯ ಕೆಲಸ ಕೊಡಲೊಪ್ಪಿತು. ಸಂಬಳ ಕಡಿಮೆ, ಸಂಸಾರ ಬಿಟ್ಟು ಕಂಪನಿಯ ಕೊಠಡಿಯಲ್ಲಿ ಒಬ್ಬನೇ ಇರಬೇಕು. ಒಪ್ಪಿಗೆಯನ್ನು ೨೭ರ ಶುಕ್ರವಾರ ಮಧ್ಯಾಹ್ನದೊಳಗೆ ತಿಳಿಸಬೇಕು. ಆಮೇಲೆ ದೇಶವೆಲ್ಲ ಹೊಸ ವರ್ಷದ ರಜೆಗೆ ಬಾಗಿಲು ಹಾಕಿದರೆ ತೆರೆಯುವುದು ಜನವರಿ ೬ಕ್ಕೇ.

ಆ ಶುಕ್ರವಾರದ ಹಿಂದಿನ ದಿನ, ಗುರುವಾರ, ಪಕ್ಕದ ಕಾವಾಸಾಕಿಯಲ್ಲಿ ಇನ್ನೊಂದು ಸಂದರ್ಶನವಿತ್ತು. ಅಲ್ಲಿಯ ಹಿರಿಯ ಅಧಿಕಾರಿ ಒಕುಮುರಾ-ಸಾನ್ ಅವನ ನಕ್ಷೆಗಳನ್ನು ಕನ್ನಡಕ ಏರಿಸಿ, ಇಳಿಸಿ ನೋಡಿದರು. ಲಿಫ್ಟಿನವರೆಗೂ ಬಂದು, ನಡು ಬಾಗಿಸಿ, ಬಾಗಿಲು ಮುಚ್ಚುವಷ್ಟರಲ್ಲಿ ಒಂದು ಮಾತು ಹೇಳಿದರು: “ರಾಯ್ನೆನ್ ಮೋ ಯೊರೊಶಿಕು ಒನೆಗಾಯ್‌ಶಿಮಾಸ್.”

ನಟರಾಜನ ಜಪಾನೀ ಕಾರ್ಖಾನೆಯ ಜಪಾನೀ. ಅಳತೆ, ತಗಡು, ಸರಿ, ತಪ್ಪು, ಅಷ್ಟೆ. ಆದರೆ ‘ರಾಯ್ನೆನ್’ ಎಂದರೆ ಮುಂದಿನ ವರ್ಷ ಎಂಬುದು ಗೊತ್ತಿತ್ತು. ‘ಯೊರೊಶಿಕು’ ಎಂಬುದು, ದಯೆಯಿರಲಿ ಎಂದು, ಅವನು ಕೆಲಸಕ್ಕೆ ಸೇರಿದ ಮೊದಲ ದಿನ ಇಡೀ ಕಚೇರಿ ಅವನಿಗೆ ಬಾಗಿ ಹೇಳಿದ್ದ ಮಾತು. ಪ್ರತಿ ಡಿಸೆಂಬರಿನ ಮಧ್ಯದಲ್ಲೇ ರಜೆ ಹಾಕಿ ಊರಿಗೆ ಹೊರಡುತ್ತಿದ್ದವನಿಗೆ ಈ ದೇಶದ ವರ್ಷಾಂತ್ಯದ ಮಾತುಗಳು ಒಂದೂ ಕಿವಿಗೆ ಬಿದ್ದಿರಲಿಲ್ಲ.

“ಆಯ್ತು ಕಣೇ ಉಷಾ! ಮುಂದಿನ ವರ್ಷ ನಮ್ಮ ಮೇಲೆ ದಯೆಯಿರಲಿ ಅಂದ್ರು. ಬಗ್ಗಿ ಹೇಳಿದ್ರು!”

“ಆಫರ್ ಲೆಟರ್ ಕೊಟ್ರಾ?”

“ಇಯರ್ ಎಂಡ್ ಅಲ್ವೇನೇ? ಯಾರಿರ್ತಾರೆ ಟೈಪ್ ಮಾಡೋಕೆ! ಇವರು ಆಡಿದ ಮಾತಿಗೆ ತಪ್ಪೋ ಜನ ಅಲ್ಲ.”

“ನಾಗೋಯಾದವರಿಗೇನು ಹೇಳ್ತೀರಿ?”

“ಬೇಡ ಅಂತ ಮೇಲ್ ಹಾಕ್ತೀನಿ. ಅವರನ್ನ ಸುಮ್ನೆ ಕಾಯಿಸೋದು ಮರ್ಯಾದೆ ಅಲ್ಲ.”

“ಸ್ವಲ್ಪ ತಡೀರಿ ಅಂದ್ರೆ. ನಾವೂ ಹೊರಡೋವಾಗ ‘ಬರ್ತೀವಿ’ ಅಂತೀವಲ್ಲ, ಅಂದೋರೆಲ್ಲ ವಾಪಸ್ ಬರ್ತಾರಾ?”

“ನಿನ್ನ ಅನುಮಾನಕ್ಕೆ ಮದ್ದಿಲ್ಲ ಬಿಡು.”

ಶುಕ್ರವಾರ ಬೆಳಿಗ್ಗೆ ಅವನು ನಾಗೋಯಾಕ್ಕೆ ಬೇಡವೆಂದು ಬರೆದ. ಸ್ವಲ್ಪ ಹೊತ್ತಿಗೇ ಉತ್ತರ ಬಂತು: ತುಂಬ ವಿಷಾದವಾಯಿತೆಂದೂ ಸ್ಥಾನವನ್ನು ಬೇರೊಬ್ಬರಿಗೆ ಕೊಟ್ಟಿರುವುದಾಗಿಯೂ ಅದರಲ್ಲಿತ್ತು. ಉಷಾ ಸಂಜೆ ಕೇಸರಿಬಾತ್ ಮಾಡಿದಳು. ತುಮಕೂರಿಗೆ ಫೋನೂ ಹೋಯಿತು.

ಮರುದಿನ, ೨೮ರ ಶನಿವಾರ, ಅಪ್ಪ ಮಗಳು ತರಕಾರಿಗೆ ಹೋದರು. ಅಂಗಡಿಯ ಮುದುಕಿ ಮೂಲಂಗಿಯ ಜೊತೆಗೆ ಎರಡು ಕಿತ್ತಳೆ ಕೊಸರು ಹಾಕಿ, ನಡು ಬಾಗಿಸಿ, ಅಕ್ಷರ ತಪ್ಪದೆ ಅದೇ ಮಾತನ್ನು ಹೇಳಿದಳು: “ರಾಯ್ನೆನ್ ಮೋ ಯೊರೊಶಿಕು ಒನೆಗಾಯ್‌ಶಿಮಾಸ್.”

ನಟರಾಜ ಚಾಚಿದ ಕೈ ಹಾಗೆಯೇ ನಿಂತಿತು. “ಅಮ್ಮು, ಈಕೆ ಯಾಕೆ ಹೀಗಂದ್ರು?”

“ನ್ಯೂ ಇಯರ್ ಥಿಂಗ್ ಅಪ್ಪಾ. ಎವ್ರಿಬಡಿ ಸೇಸ್ ಇಟ್. ನಮ್ ಸ್ಕೂಲ್ ಸೆನ್ಸೇ, ಬಸ್ ಅಂಕಲ್... ಡೆಂಟಿಸ್ಟ್ ಕೂಡ.”

“ಡೆಂಟಿಸ್ಟೂನಾ?”

“ಹೂಂ. ಬಟ್ ನೆಕ್ಸ್ಟ್ ಇಯರ್ ಐ ಡೋಂಟ್ ವಾಂಟ್ ಟು ಸೀ ಹಿಮ್!” ಎಂದು ಅವಳು ಕಿಲಕಿಲ ನಕ್ಕಳು.

ಅಂಗಡಿಯ ಹೊರಗೆ ನಿಂತು ಅವನು ಕಾವಾಸಾಕಿಗೆ ಫೋನ್ ಮಾಡಿದ. ಜನವರಿ ಐದರವರೆಗೆ ರಜೆಯೆಂದು ಧ್ವನಿಮುದ್ರಿತ ಹೆಣ್ಣುದನಿ ನಯವಾಗಿ ತಿಳಿಸಿತು. ನಾಗೋಯಾಕ್ಕೆ ಮಾಡಿದ, ಅಲ್ಲಿಯೂ ಅದೇ ನಯ. ಯಾರ ಕಾಲಿಗೆ ಬೀಳೋಣವೆಂದರೂ ಕಾಲುಗಳೇ ಊರಿನಲ್ಲಿರಲಿಲ್ಲ. ಮನೆಗೆ ಬಂದು ಹೇಳಬೇಕೆಂದು ಬಾಯಿ ತೆರೆದಾಗ ಉಷಾ ಫೋನಿನಲ್ಲಿ ತಾಯಿಗೆ, “ಹೂಂ ಅಮ್ಮ, ಪರ್ಮನೆಂಟೇ,” ಎನ್ನುತ್ತಿದ್ದಳು. ಅವನು ಮೂಲಂಗಿಯನ್ನು ಸಿಂಕಿನಲ್ಲಿಟ್ಟು ತೊಳೆಯತೊಡಗಿದ. ಭಾನುವಾರವೂ ಹೇಳಲಾಗಲಿಲ್ಲ.

ಡಿಸೆಂಬರ್ ೩೦, ಸೋಮವಾರ. ವರ್ಷದ ಕೊನೆಯ ಕಸದ ಲಾರಿ ಬರುವ ದಿನ. ನಟರಾಜ ಚೀಲ ಇಟ್ಟು ತಿರುಗಿದರೆ ಕೆಳಮನೆಯ ಮುದುಕಿ ಇಶಿದಾ-ಸಾನ್ ಎದುರಾಗಿ, ಬಾಗಿ, ಅದನ್ನೇ ಹೇಳಿದಳು. ಸುಮ್ಮನಿರುವಂತಿಲ್ಲ, ಅದಕ್ಕೆ ಅದೇ ಉತ್ತರ. ಅವನೂ ಬಾಗಿ, ಬರುವ ವರ್ಷವೂ ದಯೆಯಿರಲಿ ಎಂದು, ಒಂದಕ್ಷರ ತಡವರಿಸದೆ ಹೇಳಿದ. ಮುದುಕಿಯ ಮುಖ ಅರಳಿತು. “ನಿಮ್ಮ ಜಪಾನೀ ಎಷ್ಟು ಚೆನ್ನಾಗಿಬಿಟ್ಟಿದೆ, ನಟರಾಜ-ಸಾನ್!”

ಮೇಲೆ ಬಂದಾಗ ಉಷಾ ಬಾಗಿಲಲ್ಲೇ ಇದ್ದಳು. “ಏನಂತೆ ರೀ ಆಕೆಗೆ? ಇಬ್ಬರೂ ಅಷ್ಟು ಸಲ ಬಗ್ಗಿದ್ರಿ.”

ನಟರಾಜ ಬಗ್ಗಿ ಚಪ್ಪಲಿ ಬಿಡುತ್ತ, ತಲೆಯೆತ್ತದೆ ಹೇಳಿದ: “ಒಕುಮುರಾ-ಸಾನ್ ನಂಗೆ ಹೇಳಿದ್ರಲ್ಲ, ಅದನ್ನೇ ಅಂದ್ರು ಕಣೇ. ನೀನಂದಿದ್ದೇ ಸರಿ. ನಾವು ‘ಬರ್ತೀವಿ’ ಅಂತೀವಲ್ಲ, ಹಾಗೆ.”

ಕೆಳಗೆ ಕಸದ ಲಾರಿ ತನ್ನ ಹಾಡು ಹಾಡಿಕೊಂಡು ಮುಂದಿನ ಬೀದಿಗೆ ತಿರುಗಿತು. ಉಷಾ ಬಗ್ಗಿ, ಅವನು ಬಿಟ್ಟ ಚಪ್ಪಲಿಗಳನ್ನು ಎತ್ತಿ, ಜೋಡಿಯಾಗಿ, ಮೊನೆ ಬಾಗಿಲ ಕಡೆಗೆ ಮಾಡಿ ಇಟ್ಟಳು.