ಕಮಾನಿಗೆ ಹಚ್ಚಿದ ಎಣ್ಣೆ

ನನ್ನ ತವರು ನಾರಾಯಣಪೇಟೆ, ಮಗ್ಗದ ಮನೆ. ಆಯುಧಪೂಜೆಯ ದಿನ ಅಪ್ಪ ಮಗ್ಗ ತೊಳೆದು, ಲಾಳಿಗೆ ಎಣ್ಣೆ ಸವರಿ ಕುಂಕುಮ ಇಡುತ್ತಿದ್ದರು. ದುಡಿಯುವ ವಸ್ತುವಿಗೆ ವರ್ಷಕ್ಕೊಮ್ಮೆ ಎಣ್ಣೆ ಕಾಣಿಸಬೇಕು ಎಂದೇ ನಾನು ಕಲಿತದ್ದು. ಮದುವೆಯಾಗಿ ಮಕ್ತಲ್‌ಗೆ ಬಂದೆ. ಯಜಮಾನರ ದುಡಿಮೆ ಪಿಟೀಲು. ಮದುವೆಗಳಲ್ಲಿ, ಗುಡಿಗಳಲ್ಲಿ ನುಡಿಸುತ್ತಿದ್ದರು. ಕರೆದರೆ ಉಂಟು, ಇಲ್ಲದಿದ್ದರೆ ಇಲ್ಲ.

ಮೊದಲ ದಸರೆಗೆ ಗದ್ವಾಲದ ಒಂದು ಗುಡಿಯವರು ಸಂಗೀತ ಪಾಠಶಾಲೆ ತೆರೆಯುವವರಿದ್ದರು. ವಿಜಯದಶಮಿಯ ಸಂಜೆ ಬಂದು ನುಡಿಸಿ, ಹಿಡಿಸಿದರೆ ನೀವೇ ಮೇಷ್ಟ್ರು ಎಂದು ಇವರಿಗೆ ಹೇಳಿಕಳಿಸಿದರು. ಖಾಯಂ ಕೆಲಸದ ಮಾತು ಮನೆಯಲ್ಲಿ ಎದ್ದದ್ದು ಅದೇ ಮೊದಲು.

ಹಿಂದಿನ ದಿನ ಪೂಜೆಗೆಂದು ನಾನು ಈಳಿಗೆ, ಹೊಲಿಗೆ ಮಿಷನ್ನು ಒರೆಸಿ ಎಣ್ಣೆ ಹಚ್ಚಿದೆ. ಪಿಟೀಲಿಗೂ ಕುಂಕುಮ ಇಟ್ಟೆ. ಅದನ್ನು ನುಡಿಸುವ ಕಮಾನಿಗೆ ಕಟ್ಟಿದ ಕುದುರೆಕೂದಲು ಒಣಗಿ ಬಿಳಿ ಪುಡಿ ಹಿಡಿದಿತ್ತು. ಪುಡಿ ಒರೆಸಿ, ಭಕ್ತಿಯಿಂದ ಉದ್ದಕ್ಕೂ ಎಳ್ಳೆಣ್ಣೆ ಸವರಿದೆ.

ಪೂಜೆಗಿಟ್ಟದ್ದನ್ನು ಆ ದಿನ ಮುಟ್ಟುವಂತಿಲ್ಲ. ದಶಮಿಯ ಬೆಳಿಗ್ಗೆ ಇವರು ನುಡಿಸಲು ಕುಳಿತರೆ ಕಮಾನು ತಂತಿಯ ಮೇಲೆ ಸುಮ್ಮನೆ ಜಾರಿತು. ಸದ್ದೇ ಇಲ್ಲ.

“ಇದಕ್ಕ ಏನ ಹಚ್ಚಿದಿ?”

“ಎಣ್ಣಿರಿ. ಪೂಜಾಕ್ಕ.”

ಆ ಬಿಳಿ ಪುಡಿ ರಾಳವಂತೆ. ಅದಿದ್ದರೇ ಕೂದಲು ತಂತಿಯನ್ನು ಹಿಡಿಯುವುದಂತೆ. ಇವರು ಕಮಾನನ್ನು ಕೆಳಗಿಟ್ಟರು. ಒಳಗಿನಿಂದ ಅತ್ತೆಯವರು ಅಂದರು: “ದುಡಿಯೋದಕ್ಕೆಲ್ಲಾ ಎಣ್ಣಿ ಹಚ್ಚ್ಯಾಳ. ನನ್ನ ಮಗನ್ನ ಹೆಂಗ ಬಿಟ್ಟಾಳೋ!”

ಪ್ರತ್ಯೇಕ ತೆಲಂಗಾಣ ಬೇಕೆಂದು ಮುಷ್ಕರ ನಡೆದಿದ್ದ ದಿನಗಳು. ಬಸ್ಸುಗಳು ನಿಂತಿದ್ದವು. ಹೊಸ ಕಮಾನು ತರಲು ಹೈದರಾಬಾದಿಗೆ ಹೋಗುವುದೆಲ್ಲಿ ಬಂತು? ದೇವರ ಮುಂದೆ ಕಣ್ಣೀರು ಹಾಕುತ್ತ ಕುಳಿತಾಗ ಒಂದು ಹೊಳೆಯಿತು.

“ರೀ, ಇದೂ ಕೂದಲ ಅಲ್ಲೇನ್ರಿ? ಎಣ್ಣಿ ತಲಿ ತೊಳಿಯಾಕ ನನಗ ಬರ್ತೈತಿ.”

ಕಮಾನಿನ ಕೋಲಿಗೆ ನೀರು ತಾಗದಂತೆ ಇವರು ಹಿಡಿದರು. ನಾನು ಸೀಗೆಕಾಯಿ ನೀರಲ್ಲಿ ಮೂರು ಸಲ ತೊಳೆದು ನೆರಳಲ್ಲಿ ಆರಿಸಿದೆ. ಬಾಚಣಿಗೆ ಆಡಿಸಿದಾಗ ನಾಲ್ಕಾರು ಎಳೆ ಕಿತ್ತು ಬಂದವು. ಮಧ್ಯಾಹ್ನ ರಾಳ ಉಜ್ಜಿ ನೋಡಿದರು. ಅರ್ಧ ದನಿ ಬಂತು. ಅಷ್ಟಾದರೂ ಬಂತಲ್ಲ ಎಂದು ಕೈಮುಗಿದೆ.

ಪಕ್ಕದ ಮನೆಯವರ ಸ್ಕೂಟರ್ ಕೇಳಿ ಹೊರಟೆವು. ಹಿಂದೆ ನಾನು, ನನ್ನ ಮಡಿಲಲ್ಲಿ ಪಿಟೀಲು.

ಗುಡಿಯಲ್ಲಿ ವರ್ಣ ಹೇಗೋ ಸಾಗಿತು. ಕೀರ್ತನೆಯ ನಡುವೆ ಕಮಾನು ಜಾರಿ ಕಿರ್ ಎಂದಿತು. “ಏಮೈಂದಯ್ಯಾ?” ಏನಾಯಿತೆಂದು ತೆಲುಗಿನಲ್ಲಿ ಕೇಳಿದರು ಗುಡಿಯ ಹಿರಿಯರು. ಕಮಾನು ಹಳೆಯದು ಎಂದರೆ ಸಾಕಿತ್ತು. ಇವರು ಇದ್ದದ್ದನ್ನು ಇದ್ದಂತೆ ಹೇಳಿಬಿಟ್ಟರು. ಕೂತವರೆಲ್ಲ ನಕ್ಕರು. ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ.

ಹಿರಿಯರು ಮಾತ್ರ ನಗದೆ ಈಗ ಕನ್ನಡದಲ್ಲೇ ಕೇಳಿದರು: “ನಾಳಿ ಹುಡುಗ್ರು ಹಿಂಗ ಮಾಡಿದ್ರ ಹೊಡೀತೀರೇನು?”

“ಇಕಿಗೇ ಹೊಡದಿಲ್ರಿ. ತೊಳಿಯಾಕ ಕಲಸ್ತೀನಿ.”

ಕೆಲಸ ಅಲ್ಲೇ ಗಟ್ಟಿಯಾಯಿತು. ನಾನು ಹಿಗ್ಗಿದೆ. ಹಿಂದಿರುಗುವಾಗ ಇವರು ಸ್ಕೂಟರ್ ಮೇಲಿಂದಲೇ, “ಮಾತ ಕೇಳಿ ಕೊಟ್ರು. ಪಿಟೀಲ ಕೇಳಿ ಕೊಟ್ಟಿದ್ರ ಚಲೋ ಇತ್ತು” ಎಂದರು. ಅದು ನನ್ನ ಮನಸ್ಸಿಗೆ ನಾಟಿತು. ಅವರು ಇವರ ಪಿಟೀಲನ್ನು ಒಮ್ಮೆ ಸರಿಯಾಗಿ ಕೇಳುವಂತಾಗಲಿ ಎಂದು ದಿನಾ ದೀಪ ಹಚ್ಚುವಾಗ ಬೇಡಿಕೊಂಡೆ.

ಮೂರು ವರ್ಷದ ಮೇಲೆ ತೆಲಂಗಾಣ ರಾಜ್ಯ ಬಂತು. ಆ ವರ್ಷದ ದಸರೆಗೆ ಇವರು ಅದೇ ಗುಡಿಯಲ್ಲಿ, ತಮ್ಮ ಪಾಠಶಾಲೆಯ ಮಕ್ಕಳ ಮುಂದೆ, ಹೊಸ ಕಮಾನಿನಿಂದ ಅದೇ ಕೀರ್ತನೆ ನುಡಿಸಿದರು. ಹಿರಿಯರು ಕಣ್ಣು ಮುಚ್ಚಿ ಕೂತವರು ಮುಗಿದ ಮೇಲೂ ತೆರೆಯಲಿಲ್ಲ. “ಅವತ್ತ ಇದನ್ನ ಕೇಳಬೇಕಾಗಿತ್ತು ನಾವು” ಎಂದರು.

ಮನೆಗೆ ಬಂದು ಇವರು ಎರಡು ಸಲ ಅನ್ನ ಹಾಕಿಸಿಕೊಂಡರು. ನನಗೆ ಅಷ್ಟು ಸಾಕಾಯಿತು.