ಮಡಲಿನ ಜಾಗದಲ್ಲಿ ಅಕ್ಕ

ಟಣ್. ಸ್ವಲ್ಪ ಬಿಟ್ಟು ಮತ್ತೆ ಟಣ್. ಖಾಲಿ ಗ್ಯಾಸ್ ಸಿಲಿಂಡರ್ ನೀರಿನಲ್ಲಿ ತೇಲುತ್ತ ಅಡುಗೆಮನೆಯ ಗೋಡೆಗೆ ಬಡಿಯುವ ಸದ್ದು. ಈಗಲೂ ಪಕ್ಕದ ಮನೆಯಲ್ಲಿ ಯಾರಾದರೂ ಪಾತ್ರೆ ಬೀಳಿಸಿದರೆ ನಾನು ಎದ್ದು ಅಡುಗೆಮನೆಗೆ ಹೋಗಿ ನೋಡುತ್ತೇನೆ.

ಕೊಟ್ಟಾರದ ತಗ್ಗಿನಲ್ಲಿ ನಮ್ಮ ಮನೆ. ಅಪ್ಪ ಉಳುತ್ತಿದ್ದ ಗದ್ದೆಗೇ ಕೆಂಪುಮಣ್ಣು ತುಂಬಿಸಿ ಕಟ್ಟಿದ್ದು. ನಮಗೆ ಅದು ಸೈಟ್ ಆಯಿತು, ನೀರಿಗೆ ಮಾತ್ರ ಇನ್ನೂ ಗದ್ದೆಯೇ. ಹೈವೇ ಎತ್ತರವಾದ ಮೇಲಂತೂ ನಮ್ಮ ಬೀದಿ ಬಟ್ಟಲಿನ ಹಾಗೆ. ಗಂಡ ತೀರಿಹೋದ ನಂತರ ನಾನು ಅಕ್ಕನ ಜೊತೆಗೇ ಇದ್ದೆ. ಅವಳು ಮದುವೆಯಾಗದ ರಿಟೈರ್ಡ್ ಟೀಚರ್, ರೂಲ್ಸ್ ಎಂದರೆ ಪ್ರಾಣ. ಅಂಗಳಕ್ಕೆ ನೀರು ಬಂದ ಕೂಡಲೇ ಮೇನ್ ಸ್ವಿಚ್ ಆಫ್. ಅಕ್ಕಿ, ಔಷಧಿ, ಟಾರ್ಚ್ ಅಟ್ಟಕ್ಕೆ. ಸಿಲಿಂಡರನ್ನು ಕಿಟಕಿಯ ಸರಳಿಗೆ ಕಟ್ಟಬೇಕು. ತಳ ಕಾಣದ ನೀರಿಗೆ ಇಳಿಯಲೇಬಾರದು.

ಇಳಿಯಬಾರದು ಎನ್ನುವುದಕ್ಕೆ ಕಾರಣ ನಮ್ಮ ಗೇಟಿನ ಎದುರೇ ಇತ್ತು. ಮಳೆಗಾಲ ಹಿಡಿದ ಮೇಲೆ ಬೀದಿಯವರೆಲ್ಲ ಸೇರಿ ಅಲ್ಲಿಯ ಚರಂಡಿಯ ಒಂದು ಸ್ಲ್ಯಾಬನ್ನು ಹಾರೆ ಹಾಕಿ ಎಬ್ಬಿಸಿಡುತ್ತಿದ್ದರು. ಇಲ್ಲದಿದ್ದರೆ ರಸ್ತೆಯ ನೀರು ಇಳಿಯುವುದೇ ಇಲ್ಲ. ಯಾರೂ ಬೀಳದಿರಲಿ ಎಂದು ಬೀದಿಯ ತುದಿಯ ಅಂಗಡಿಯ ಬ್ಯಾರಿ ಕಾಕ ಅದರ ಬಾಯಿಗೆ ಒಂದು ತೆಂಗಿನ ಮಡಲನ್ನು, ಅಂದರೆ ಇಡೀ ಗರಿಯನ್ನು, ನೆಟ್ಟಗೆ ಸಿಕ್ಕಿಸುತ್ತಿದ್ದರು. ಮಡಲು ಕಂಡರೆ ಎಡಗಡೆಯ ಗೋಡೆ ಹಿಡಿದು ನಡೆಯಬೇಕು. ಅದೇ ನಮ್ಮ ಬೀದಿಯ ಟ್ರಾಫಿಕ್ ಸಿಗ್ನಲ್.

ಆ ದಿನ ಬೆಳಿಗ್ಗೆ ಬೀದಿಯ ಮಕ್ಕಳು ಶಾಲೆಗೆ ಹೋದ ಮೇಲೆ ಮಳೆ ಜೋರಾಯಿತು. ನೋಡುತ್ತಿದ್ದ ಹಾಗೆ ನೀರು ಮೊಣಕಾಲಿಗೆ ಬಂತು, ಅಡುಗೆಮನೆಗೂ ನುಗ್ಗಿತು. ಕಾಕ ಲುಂಗಿ ಎತ್ತಿ ಕಟ್ಟಿಕೊಂಡು ನಮ್ಮ ಗೇಟಿಗೆ ಬಂದರು.

"ಟೀಚರೇ, ಮಡಲು ಹೋಯ್ತು ಮಾರಾಯ್ರೆ. ಬೇರೆ ನೆಟ್ರೆ ನಿಲ್ಲುದಿಲ್ಲ, ಒಳಗೆ ಅಷ್ಟು ಸೆಳೆತ ಉಂಟು. ಶಾಲೆಗೆ ರಜೆ ಕೊಟ್ರಂತೆ, ಮಕ್ಕಳ ವ್ಯಾನ್ ಹೈವೇಯಲ್ಲಿ ನಿಂತಿದೆ."

"ರಜೆಯ ಮೆಸೇಜ್ ಬರುದು ಯಾವಾಗ್ಲೂ ಮಕ್ಕಳು ಬೆಂಚಲ್ಲಿ ಕೂತ ಮೇಲೆಯೇ," ಅಂದಳು ಅಕ್ಕ, ಕೊಡೆ ಹುಡುಕುತ್ತ. "ನೀವು ಅವರನ್ನು ಕರ್ಕೊಂಡು ಬನ್ನಿ. ಗುಂಡಿ ಹತ್ರ ನಾನು ನಿಲ್ತೇನೆ."

"ನೀವಾ? ಗಾಳಿ ಬಂದ್ರೆ ಕೊಡೆ ಒಟ್ಟಿಗೆ ನೀವೂ ಹಾರ್ತೀರಿ."

"ಏಳನೇ ಕ್ಲಾಸಿನವರ ಎದುರು ನಿಂತವಳು ಕಾಕ ನಾನು. ಚರಂಡಿ ಎಂತ ಮಹಾ!"

"ಅಕ್ಕ, ಪ್ಲೀಸ್," ಅಂದೆ. "ನೀರಿಗೆ ಇಳಿಬಾರದು ಅಂತ ನೀನೇ ಹೇಳುದಲ್ವಾ?"

"ಅದು ನಿನಗೆ ಹೇಳಿದ್ದು. ಡೋಂಟ್ ಫಸ್, ಸುಮ್ನೆ ರಗಳೆ ಮಾಡ್ಬೇಡ."

ಆಮೇಲಿನದ್ದು ಕಾಕ ಹೇಳಿ ಗೊತ್ತು. ಹೈವೇ ಮೇಲೆ ನಂತೂರಿನಲ್ಲಿ ಬ್ಲಾಕ್ ಆಗಿ ಗಾಡಿಗಳು ಒಳದಾರಿ ಹುಡುಕುತ್ತಿದ್ದವು. ಒಂದು ದೊಡ್ಡ ಜೀಪು ನಮ್ಮ ಬೀದಿಗೆ ನುಗ್ಗಿತು. ನೀರು ಕಂಡು ನಿಧಾನಿಸಲಿಲ್ಲ, ಇನ್ನೂ ಜೋರು ಬಂತು. ಕಾಕ ಮಕ್ಕಳನ್ನು ಗೋಡೆಗೆ ಒತ್ತಿ ಹಿಡಿದರು. ಚಕ್ರದಿಂದ ಎದ್ದ ಅಲೆ ಆಚೆ ಬದಿಗೆ, ಅಕ್ಕನ ಸೊಂಟಕ್ಕೆ ಹೊಡೆಯಿತು. ಕಾಕ ದಾಟಿ ಬರುವಾಗ ಕೈಗೆ ಸಿಕ್ಕಿದ್ದು ಕೊಡೆ ಮಾತ್ರ. ಅವಳು ಸಿಕ್ಕಿದ್ದು ಸಂಜೆ, ಚರಂಡಿ ರಾಜಕಾಲುವೆಗೆ ಸೇರುವಲ್ಲಿ.

ಮಕ್ಕಳಿಗೆ ಏನೂ ಆಗಲಿಲ್ಲವಲ್ಲ ಎಂದು ಬಂದವರೆಲ್ಲ ಹೇಳಿದರು. ಹೌದು ಅಂದೆ. ಈಗಲೂ ಹೌದು ಅನ್ನುತ್ತೇನೆ. ಆ ಹೌದನ್ನು ಇಟ್ಟುಕೊಂಡೇ ಮಧ್ಯಾಹ್ನ ಒಬ್ಬಳೇ ಊಟಕ್ಕೆ ಕೂರುತ್ತೇನೆ. ಸ್ಲ್ಯಾಬಿಗೆ ಸಿಮೆಂಟ್ ಹಾಕಿ ಮುಚ್ಚಿದರು. ಮರುವರ್ಷ ಎಲ್ಲರ ಅಂಗಳಕ್ಕೆ ನೀರು ಬಂದಾಗ ಅದೇ ಸ್ಲ್ಯಾಬನ್ನು ಮತ್ತೆ ಎಬ್ಬಿಸಿದರು. ನಾನು ಸಿಟ್‌ಔಟಿನಲ್ಲಿ ಕೂತು ನೋಡಿದೆ. ಬೇಡ ಅಂದರೆ ನೀರು ಎಲ್ಲಿಗೆ ಹೋಗಬೇಕು? ಕಾಕ ಈಗ ಮಡಲು ತರುವುದಿಲ್ಲ. ಯಾರೋ ಮುರಿದ ಪ್ಲಾಸ್ಟಿಕ್ ಕುರ್ಚಿ ಇಟ್ಟಿದ್ದಾರೆ. ಅದೂ ತೇಲಿಹೋಗುತ್ತದೆ.

ಅವಳನ್ನು ಕೊನೆಗೆ ನೋಡಿದ್ದೂ ಅದೇ ಸಿಟ್‌ಔಟಿನಿಂದ. ನೈಟಿಯ ಅಂಚನ್ನು ಸೊಂಟಕ್ಕೆ ಸಿಕ್ಕಿಸಿ, ಹೆಗಲಿಗೆ ಬೈರಾಸು ಟವೆಲ್ ಹೊದ್ದು, ಮಡಲಿನ ಜಾಗದ ಪಕ್ಕದಲ್ಲಿ ಕಪ್ಪು ಕೊಡೆ ಹಿಡಿದು ನಿಂತಿದ್ದಳು. ಹೈವೇ ಕಡೆಯಿಂದ ಕಾಕನ ಹಿಂದೆ ಮಕ್ಕಳ ಬಣ್ಣಬಣ್ಣದ ರೈನ್‌ಕೋಟ್‌ಗಳು ಕಾಣತೊಡಗಿದವು. ಅಕ್ಕ ಗೋಡೆಯ ಕಡೆಗೆ ಕೈ ಚಾಚಿ, "ಕೀಪ್ ಲೆಫ್ಟ್! ಕೀಪ್ ಲೆಫ್ಟ್!" ಎಂದು ಕೂಗಿದಳು, ನಾವಿಬ್ಬರೂ ಕಲಿತ ಕಾನ್ವೆಂಟಿನ ಕಾರಿಡಾರಿನಲ್ಲಿ ಮದರ್ ಕೂಗುತ್ತಿದ್ದ ಅದೇ ರಾಗದಲ್ಲಿ. ನನಗೆ ನಗು ಬಂತು. ಆಗ ಒಳಗಿನಿಂದ ಟಣ್ ಎಂದಿತು. ಅವಳಿಗೂ ಕೇಳಿಸಿತು.

"ಅದನ್ನೊಮ್ಮೆ ಕಟ್ಟು ಮಾರಾಯ್ತಿ, ತಲೆ ಚಿಟ್ಟು ಹಿಡೀತದೆ," ಅಂದಳು, ನನ್ನ ಕಡೆ ತಿರುಗದೆ.

ನಾನು ಹಗ್ಗ ಹುಡುಕಲು ಒಳಗೆ ಹೋದೆ.